ಕಪ್ಪಾದ ಮಣೂಕ, ಪ್ಯಾಕೆಟ್ ಓಟ್ಸ್ ಮತ್ತು ನಮ್ಮ ಲೆಕ್ಕ

ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ಒಣದ್ರಾಕ್ಷಿ ತಿನ್ನುವುದು ಕಡಿಮೆ. ಕೇಳಿದವರಿಗೆ ವಿಚಿತ್ರ ಅನಿಸಬಹುದು, ಆದರೆ ವಿಜಯಪುರ ಜಿಲ್ಲೆಯ ನಮ್ಮ ಮನೆಯಲ್ಲಂತೂ ಹಾಗೇ. ಒಣದ್ರಾಕ್ಷಿಗೆ ನಾವು ಮಣೂಕ ಅನ್ನುತ್ತೇವೆ. ಶೆಡ್ಡಿನಿಂದ ಇಳಿದ ಮಣೂಕ 15 ಕೆಜಿಯ ಬಾಕ್ಸ್ ಸೇರುತ್ತದೆ, ಬಾಕ್ಸ್ ಗಾಡಿ ಏರುತ್ತದೆ. ಮನೆಗೆ ಉಳಿಯುವುದು ಹಬ್ಬದ ಪಾಯಸಕ್ಕೆಂದು ಒಂದು ಸಣ್ಣ ಡಬ್ಬಿ. ಚಿಕ್ಕವರಿದ್ದಾಗ ಬಾಕ್ಸಿಗೆ ಕೈಹಾಕಿದರೆ ಆಯಿ ಗದರುತ್ತಿದ್ದಳು: "ಅದು ರೊಕ್ಕ ಐತಿ, ತಿನ್ನೂದಲ್ಲ."

ಈ ವರ್ಷ ಎರಡು ಬಾಕ್ಸ್ ಮನೆಯಲ್ಲೇ ಉಳಿದವು. ಕಪ್ಪಾಗಿದ್ದವು, ಹೇಳಿದ ರೇಟಿಗೆ ಕೊಡಲು ಅಪ್ಪನಿಗೆ ಮನಸ್ಸಾಗಲಿಲ್ಲ. ಅದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಅಕ್ಕತಂಗಿ ನಾವಿಬ್ಬರೂ ಸೇರಿ ಹುಡುಕಿದ ಒಂದು ಉತ್ತರ ಓಟ್ಸ್ ಬಾರ್. ಕೆಳಗೆ ಓಟ್ಸಿನ ಪದರ, ನಡುವೆ ಒಣಹಣ್ಣಿನ ಹೂರಣ, ಮೇಲೆ ಮತ್ತೆ ಓಟ್ಸ್ ಉದುರಿಸಿ ಬೇಯಿಸುವ ತಿನಿಸು. ಕೆನಡಾದಲ್ಲಿ ಖರ್ಜೂರ ತುಂಬಿ ಮಾಡುವ ಇಂಥದ್ದಕ್ಕೆ ಡೇಟ್ ಸ್ಕ್ವೇರ್ ಎಂದು ಹೆಸರು. ಆ ದೇಶದ ಪಶ್ಚಿಮ ಭಾಗದಲ್ಲಿ ಅದನ್ನೇ ಮ್ಯಾಟ್ರಿಮೋನಿಯಲ್ ಕೇಕ್, ಅಂದರೆ ಮದುವೆ ಕೇಕ್ ಅನ್ನುತ್ತಾರೆ. ನಮ್ಮಲ್ಲಿ ಖರ್ಜೂರದ ಜಾಗಕ್ಕೆ ಮಣೂಕ ಬಂತು.

ಮಣೂಕ ಯಾಕೆ ಕಪ್ಪಾಗುತ್ತದೆ ಎಂದು ಮೊದಲು ಹೇಳಬೇಕು. ಕಡಿದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತೇವೆ. ದ್ರಾಕ್ಷಿ ಸಿಪ್ಪೆಯ ಮೇಲಿನ ಮೇಣದಂಥ ಪದರ ಅದರಿಂದ ಸಡಿಲವಾಗಿ ಒಳಗಿನ ನೀರು ಬೇಗ ಆರುತ್ತದೆ. ನಂತರ ಶೆಡ್ಡಿನ ನೆರಳಲ್ಲಿ ಬಲೆಯ ರ‍್ಯಾಕಿನ ಮೇಲೆ ಹರಡಿದರೆ ಎರಡು ವಾರದ ಆಸುಪಾಸಿನಲ್ಲಿ ಒಣಗುತ್ತದೆ. ಸುಮಾರು 4 ಕೆಜಿ ಹಸಿ ದ್ರಾಕ್ಷಿಗೆ 1 ಕೆಜಿ ಮಣೂಕ. ಈ ದಿನಗಳಲ್ಲೇ ಮೋಡ ಕವಿದರೆ, ಅಕಾಲಿಕ ಮಳೆ ಬಂದರೆ, ಒಣಗುವುದು ನಿಧಾನವಾಗುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಅದೇ ಕೆಲಸ ಹಣ್ಣಿನೊಳಗೂ ನಡೆಯುತ್ತದೆ. ಹಸಿರು, ಹಳದಿ ಬಣ್ಣ ಹೋಗಿ ಕಂದು, ಕಪ್ಪು ಬರುತ್ತದೆ.

ಕಪ್ಪಾಗುವುದು ಬೇರೆ, ಬೂಸ್ಟು ಹಿಡಿಯುವುದು ಬೇರೆ. ಬೂಸ್ಟು ಬಂದದ್ದು, ಹುಳಿ ವಾಸನೆ ಹೊಡೆಯುವುದು, ಅಂಟಂಟಾಗಿ ನೀರೊಡೆದದ್ದು ಯಾರೂ ತಿನ್ನಬಾರದು. ಅದನ್ನು ಆರಿಸಿ ತೆಗೆದೆವು. ಉಳಿದದ್ದು ಬರೀ ಬಣ್ಣ ಕಳೆದುಕೊಂಡ ಒಳ್ಳೆಯ ಮಣೂಕ.

ಇನ್ನು ಮಾಡುವ ಬಗೆ. ನಮ್ಮ ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನಲ್ಲಿ ಮಾಡುವವರಿದ್ದಾರೆ, ಆದರೆ ನೀರಿಲ್ಲದೆ ಕಾಯಿಸಿದರೆ ಹಾಳಾಗುತ್ತದೆ ಎಂದು ಅವ್ವ ಕೊಡಲಿಲ್ಲ. ದಪ್ಪ ತಳದ ದೊಡ್ಡ ಅಲ್ಯೂಮಿನಿಯಂ ಪಾತ್ರೆ ತೆಗೆದುಕೊಂಡೆವು. ತಳಕ್ಕೆ ಒಂದು ಇಂಚು ಹರಳುಪ್ಪು ಹರಡಿ, ಅದರ ಮೇಲೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿದೆವು. ಆ ಉಪ್ಪು ಅಡುಗೆಗೆ ಬರುವುದಿಲ್ಲ, ಡಬ್ಬಿಯಲ್ಲಿಟ್ಟರೆ ಇದೇ ಕೆಲಸಕ್ಕೆ ಮತ್ತೆ ಮತ್ತೆ ಬರುತ್ತದೆ.

ಹೂರಣಕ್ಕೆ 250 ಗ್ರಾಂ ಮಣೂಕ. ಬೆಚ್ಚನೆಯ ನೀರಿನಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆಯಿರಿ. ದೂಳು, ಅದ್ದಿದ ಎಣ್ಣೆಯ ಅಂಶ ಇರುತ್ತದೆ. ಒಂದು ಕಪ್ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಕುದಿಸಿ, ಮಜ್ಜಿಗೆ ಕಡೆಯುವ ಕಡಗೋಲಿನಿಂದಲೇ ನುರಿಯಬಹುದು. ಕೊನೆಗೆ ಒಂದು ಚಮಚ ನಿಂಬೆರಸ, ಚಿಟಿಕೆ ಏಲಕ್ಕಿ ಪುಡಿ. ಹೂರಣ ಗಟ್ಟಿಯಾಗಿರಬೇಕು. ನೀರಾಗಿದ್ದರೆ ಕೆಳಗಿನ ಪದರ ಬೇಯುವುದಿಲ್ಲ.

ಪದರಕ್ಕೆ 180 ಗ್ರಾಂ ಓಟ್ಸ್, 120 ಗ್ರಾಂ ಗೋಧಿ ಹಿಟ್ಟು, 100 ಗ್ರಾಂ ಬೆಲ್ಲದ ಪುಡಿ, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, 120 ಗ್ರಾಂ ಕರಗಿಸಿದ ತುಪ್ಪ. ಓಟ್ಸನ್ನು ಮೊದಲು ಬಾಣಲೆಯಲ್ಲಿ ಘಮ ಬರುವಂತೆ ಹುರಿದುಕೊಳ್ಳಿ. ಉಪ್ಪಿನ ಪಾತ್ರೆಯಲ್ಲಿ ಮೇಲ್ಭಾಗ ಓವನ್ನಿನಷ್ಟು ಕೆಂಪಾಗುವುದಿಲ್ಲ, ಹುರಿದಿದ್ದರೆ ಆ ಕೊರತೆ ತುಂಬುತ್ತದೆ. ಎಲ್ಲ ಕಲಸಿ ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲಬೇಕು. ನಿಲ್ಲದಿದ್ದರೆ ಎರಡು ಚಮಚ ಹಾಲು ಚಿಮುಕಿಸಿ. 8 ಇಂಚಿನ ತಟ್ಟೆಗೆ ತುಪ್ಪ ಸವರಿ, ಅರ್ಧಕ್ಕಿಂತ ತುಸು ಹೆಚ್ಚು ಹಾಕಿ ವಾಟಗದ ತಳದಿಂದ ಗಟ್ಟಿಯಾಗಿ ಒತ್ತಿ. ಹೂರಣ ಹರಡಿ. ಉಳಿದದ್ದನ್ನು ಮೇಲೆ ಉದುರಿಸಿ ಮೆಲ್ಲಗೆ ಒತ್ತಿ. ಪಾತ್ರೆಯಲ್ಲಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ. ಓವನ್ ಇರುವವರಿಗೆ 180 ಡಿಗ್ರಿಯಲ್ಲಿ 35 ನಿಮಿಷ ಸಾಕು. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ. ಬಿಸಿ ಇದ್ದಾಗ ಚಾಕು ಇಟ್ಟರೆ ಪುಡಿಯಾಗುತ್ತದೆ. 16 ತುಂಡು ಬರುತ್ತವೆ.

ಆಯಿ ಒಂದು ತುಂಡು ತಿಂದು ತೀರ್ಪು ಕೊಟ್ಟಳು: "ಹೋಳಿಗೀನ ಐತಿ ಬಿಡ್ರವಾ. ಬಿಸ್ಕೀಟಿನ ವೇಷ ಹಾಕೇತಿ ಅಷ್ಟ."

ಆಯಿಯ ಮಾತಿನಲ್ಲಿ ತಮಾಷೆಗಿಂತ ಹೆಚ್ಚಿನದು ಇದೆ. ಅಂಗಡಿಯ ಓಟ್ಸ್ ಬಾರಿನ ಮೇಲೆ ಆರೋಗ್ಯದ ಮಾತು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಕೈಯಾರೆ ತೂಗಿ ಹಾಕಿದಾಗ ಒಳಗೇನಿದೆ ಎಂದು ಕಾಣುತ್ತದೆ. ಓಟ್ಸಿನಲ್ಲಿ ನಾರಿನಂಶ ಚೆನ್ನಾಗಿದೆ, ನಿಜ. ಆದರೆ ಮಣೂಕದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಬೆಲ್ಲವೂ ಸೇರಿದರೆ ನಮ್ಮ ಒಂದು ತುಂಡಿನಲ್ಲಿ ಸುಮಾರು ಮೂರು ಚಮಚ ಸಕ್ಕರೆಯಷ್ಟು ಸಿಹಿ, ಏಳೆಂಟು ಗ್ರಾಂ ತುಪ್ಪ ಇದೆ. ಹೊಲದಲ್ಲಿ ದುಡಿದು ಬಂದವರಿಗೆ, ಆಡಿ ಬಂದ ಮಕ್ಕಳಿಗೆ ಒಳ್ಳೆಯ ತಿನಿಸು. ಶುಗರ್ ಇರುವವರು ಇದನ್ನು ಸಿಹಿ ತಿಂಡಿ ಎಂದೇ ತಿಳಿಯಬೇಕು. ಅವ್ವನಿಗೆ ಶುಗರ್ ಇದೆ, ಅವಳು ಕಾಲು ತುಂಡು ಮುರಿದುಕೊಂಡಳು.

ಓಟ್ಸ್ ನಮ್ಮ ನೆಲದ ಬೆಳೆಯಲ್ಲ, ತಂಪು ಹವೆಯದ್ದು. ನಮ್ಮದು ಜೋಳದ ನಾಡು. ಹಾಗಾಗಿ ಎರಡನೇ ತಟ್ಟೆಗೆ ಗೋಧಿ ಹಿಟ್ಟು ಬಿಟ್ಟು ಹುರಿದ ಜೋಳದ ಹಿಟ್ಟು ಹಾಕಿದೆವು. ರುಚಿ ನಮಗೆ ಇನ್ನೂ ಹಿಡಿಸಿತು. ಆದರೆ ಜೋಳಕ್ಕೆ ಗೋಧಿಯಂತೆ ಅಂಟು ಇಲ್ಲ, ತುಂಡು ಉದುರುತ್ತದೆ. ಗೋಧಿ ಅರ್ಧ, ಜೋಳ ಅರ್ಧ ಮಾಡಿದರೆ ಆಕಾರ ನಿಲ್ಲುತ್ತದೆ.

ಅಪ್ಪ ಅವತ್ತು ಎರಡು ತುಂಡು ತಿಂದ. ತಿಂದು ಸುಮ್ಮನೆ ಕೂತಿದ್ದವನು ಕೇಳಿದ: "ರುಚಿ ಏನೂ ಕೆಟ್ಟಿಲ್ಲಲ್ಲ. ಮತ್ತ ರೇಟ್ ಯಾಕ ಕೆಡಬೇಕು?"

ನಮ್ಮ ಬಳಿ ಉತ್ತರ ಇರಲಿಲ್ಲ. ಬಣ್ಣದ ಮಾಲು, ಕಪ್ಪು ಮಾಲು ಎರಡಕ್ಕೂ ಅದೇ ಬಳ್ಳಿ, ಅದೇ ಗೊಬ್ಬರ, ಅದೇ ಔಷಧಿ, ಅದೇ ಕೂಲಿ. ಮೂರು ದಿನದ ಮೋಡ ಮಾತ್ರ ಬೇರೆ. ಆ ಮೋಡದ ಲೆಕ್ಕವೆಲ್ಲ ಬೆಳೆದವನ ಖಾತೆಗೆ. ರೇಟ್ ಬರಲಿ ಎಂದು ಕೋಲ್ಡ್ ಸ್ಟೋರೇಜಿನಲ್ಲಿಟ್ಟರೆ ಬಾಡಿಗೆ ಏರುತ್ತದೆ. ಒಂದು ಎಕರೆ ಬಳ್ಳಿ ಕಿತ್ತು ಬೇರೆ ಏನಾದರೂ ಹಾಕೋಣವೇ ಎಂಬ ಮಾತು ನಮ್ಮ ಮನೆಯಲ್ಲಿ ಈಗ ವಾರಕ್ಕೊಮ್ಮೆ ಬರುತ್ತದೆ.

"ಇದನ್ನೇ ಮಾಡಿ ಮಾರ್ರಿ, ಚಲೋ ಆಗ್ತೈತಿ" ಎಂದು ಓಣಿಯವರು ಅಂದರು. ಕೂತು ಲೆಕ್ಕ ಬರೆದೆವು. ತಟ್ಟೆಯೊಂದರಲ್ಲಿ ತೂಕಕ್ಕೆ ಮೊದಲನೆಯದು ಮಣೂಕ. ಖರ್ಚಿಗೆ ಮೊದಲನೆಯದು ತುಪ್ಪ, ಎರಡನೆಯದು ಓಟ್ಸ್, ಮಣೂಕ ಮೂರನೆಯದು. ಒಂದು ತಟ್ಟೆಗೆ ಹೋಗುವುದು 250 ಗ್ರಾಂ. ಒಂದು ಟನ್ ಮಣೂಕ ಖಾಲಿಯಾಗಲು 4,000 ತಟ್ಟೆ, 64,000 ತುಂಡು ಬೇಕು. ನಮ್ಮ ಉಪ್ಪಿನ ಪಾತ್ರೆ ದಿನಕ್ಕೆ ನಾಲ್ಕು ತಟ್ಟೆ ಬೇಯಿಸಿದರೂ 1,000 ದಿನ. ಮಾರಬೇಕೆಂದರೆ ಆಹಾರ ಸುರಕ್ಷತೆಯ ನೋಂದಣಿ, ಲೇಬಲ್, ಪ್ಯಾಕಿಂಗ್ ಎಲ್ಲ ಆಗಬೇಕು. ಸಂಘದ ಹತ್ತು ಹೆಂಗಸರು ಸೇರಿ ಓವನ್ ಹಾಕಿಕೊಂಡರೆ ಅವರ ಕೈಗೆ ನಾಲ್ಕು ಕಾಸು ಬರಬಹುದು. ಅದು ಒಳ್ಳೆಯದೇ. ಆದರೆ ಮೌಲ್ಯವರ್ಧನೆ ಮಾಡಿಕೊಳ್ಳಿ ಎಂಬ ಸಲಹೆಯೊಂದೇ ಬೆಳೆಗೆ ಬೆಲೆ ತಂದುಕೊಡುವುದಿಲ್ಲ. ಅಡುಗೆಮನೆಯ ಮೇಲೆ ಮಾರುಕಟ್ಟೆಯ ಭಾರ ಹೊರಿಸಬಾರದು ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಮಾಡಿದ್ದರಿಂದ ಏನು ಬಂತು? ಎರಡು ಬಾಕ್ಸಿನಲ್ಲಿ ಒಂದು ಖಾಲಿಯಾಗುತ್ತ ಬಂದಿದೆ. ಓಣಿಯ ಮಕ್ಕಳ ಕೈಗೆ ಹೋಯಿತು, ಹೆರಿಗೆಗೆ ಬಂದ ಅತ್ತೆಯ ಮಗಳಿಗೆ ಹೋಯಿತು, ಅಪ್ಪನ ಬುತ್ತಿಯಲ್ಲಿ ತೋಟಕ್ಕೂ ಹೋಯಿತು. ಬೆಳೆದದ್ದನ್ನು ನಾವು ತೂಕ, ಬಣ್ಣ, ರೇಟ್ ಎಂದಷ್ಟೇ ಮಾತಾಡುತ್ತಿದ್ದೆವು. ಈಗ ರುಚಿಯ ಮಾತೂ ಬರುತ್ತದೆ.

ಬಳ್ಳಿ ಕೀಳುವ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಅವ್ವ ಮಾತ್ರ ಒಂದು ತೀರ್ಮಾನ ಮಾಡಿದ್ದಾಳೆ. ಮೊನ್ನೆ ಅಪ್ಪನಿಗೆ ಹೇಳಿದಳು: "ಮುಂದಿನ ಹಂಗಾಮಿಗೆ ಒಂದು ಬಾಕ್ಸ್ ಚಲೋ ಮಾಲು ಮೊದಲ ಮನಿಗಿ ತಗೀರಿ. ಆಮ್ಯಾಲ ಗಾಡಿಗೆ ಹೇರ್ರಿ."