ಕೀಳಿಸೋ ಮುಂಚೆ ಆಳ ಎಷ್ಟು ಅಂತ ಕೇಳಿ

ನಮ್ಮ ಕೇರಿಯಲ್ಲಿ ಹಲ್ಲಿನ ಕಾಯಿಲೆಗೆ ಇರೋದು ಒಂದೇ ಚಿಕಿತ್ಸೆ, ಕೀಳಿಸೋದು. ನೋವು ಬಂತಾ, ಲವಂಗ ಇಡು. ಅಲ್ಲಾಡ್ತಾ ಇದೆಯಾ, ಕೀಳಿಸು. ನಮ್ಮವ್ವನಿಗೆ ಐವತ್ತು ತುಂಬೋ ಹೊತ್ತಿಗೆ ಕೆಳಗಿನ ಮುಂದಿನ ಸಾಲು ಪೂರ್ತಿ ಹೋಗಿತ್ತು. ಒಂದರಲ್ಲೂ ಹುಳುಕು ಇರಲಿಲ್ಲ. ಹಲ್ಲು ಗಟ್ಟಿಯಾಗೇ ಇದ್ದವು, ಅವು ನಿಂತಿದ್ದ ನೆಲವೇ ಸಡಿಲ ಆಗಿತ್ತು. "ವಯಸ್ಸಾಯ್ತಲ್ಲಪ್ಪ" ಅಂದಳು. ಅದು ವಯಸ್ಸಲ್ಲ ಅವ್ವ, ವಸಡಿನ ಕಾಯಿಲೆ ಅಂತ ಅವಳಿಗೆ ಯಾರೂ ಹೇಳಲಿಲ್ಲ.

ಹೋದ ವರ್ಷ ನನ್ನ ಸರದಿ ಬಂತು. ಬ್ರಷ್ ಮಾಡಿ ಉಗುಳಿದರೆ ರಕ್ತ. ಬಾಯಲ್ಲಿ ವಾಸನೆ. ಕೆಳದವಡೆಯ ಎರಡು ಹಲ್ಲು ನಾಲಿಗೆ ತಾಗಿದರೆ ಅಲುಗುತ್ತಿದ್ದವು. ಹತ್ತಿರದ ಟೌನಿನ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಒಂದು ನಿಮಿಷ ನೋಡಿ, ನಾಲ್ಕು ಹಲ್ಲು ಕೀಳಬೇಕು ಅಂದರು. ಉಳಿಸೋಕಾಗಲ್ವಾ ಸಾರ್ ಅಂದೆ. ಎಲ್ಲಿಂದ ಬಂದಿದೀರಿ ಅಂತ ಕೇಳಿದರು, ಹೇಳಿದೆ. "ನಿಮ್ಮ ಕಡೆಯವರು ನಾಲ್ಕು ಸಲ ಬಂದು ಟ್ರೀಟ್‌ಮೆಂಟ್ ತಗೊಳ್ಳೋರಲ್ಲ ಬಿಡಿ. ಕಿತ್ತುಬಿಟ್ರೆ ನಿಮಗೇ ಅನುಕೂಲ" ಅಂದರು. ಬೈಯಲಿಲ್ಲ, ನಗುನಗುತ್ತಲೇ ಹೇಳಿದರು. ನಮ್ಮ ಬಾಯಿ ನೋಡೋ ಮುಂಚೆಯೇ ನಮ್ಮ ಹಲ್ಲಿನ ತೀರ್ಪು ಆಗಿರುತ್ತೆ ಅನ್ನೋದು ಅವತ್ತು ಗೊತ್ತಾಯ್ತು.

ಮೈಸೂರಿನ ಒಂದು ಡೆಂಟಲ್ ಕಾಲೇಜಿಗೆ ಹೋದೆ. ಅಲ್ಲಿ ವಸಡಿಗೇ ಒಂದು ವಿಭಾಗ ಇದೆ, ಪೆರಿಯೊಡಾಂಟಿಕ್ಸ್ ಅಂತಾರೆ. ಪಿ.ಜಿ. ಓದ್ತಿದ್ದ ಹೆಣ್ಣುಮಗಳೊಬ್ಬಳು ಗೀಟು ಹಾಕಿದ ತೆಳ್ಳನೆ ಕಡ್ಡಿಯೊಂದನ್ನ ಪ್ರತಿ ಹಲ್ಲಿನ ಸುತ್ತ ವಸಡಿನ ಸಂದಿಗೆ ಇಳಿಸ್ತಾ, ಪಕ್ಕದಲ್ಲಿ ಬರ್ಕೊಳ್ಳೋ ಹುಡುಗನಿಗೆ ನಂಬರ್ ಹೇಳ್ತಾ ಹೋದಳು. ಎರಡು, ಮೂರು, ಮೂರು, ಐದು, ಆರು. ಆ ನಂಬರ್ ಏನಮ್ಮ ಅಂದೆ. ಕೈ ನಿಲ್ಲಿಸಿ ಹೇಳಿದಳು. ಹಲ್ಲಿಗೂ ವಸಡಿಗೂ ನಡುವೆ ಎಲ್ಲರಿಗೂ ಸಣ್ಣ ಸಂದಿ ಇರುತ್ತೆ. ಮೂರು ಮಿಲಿಮೀಟರ್ ತನಕ ಆರೋಗ್ಯ. ನಾಲ್ಕು ದಾಟಿದರೆ ಅದು ಜೇಬು, ಅವರ ಮಾತಲ್ಲಿ ಪಾಕೆಟ್. ಆ ಜೇಬಿನೊಳಗೆ ಪಾಚಿ ಕಟ್ಟಿ, ಗಟ್ಟಿಯಾಗಿ, ಬೇರಿಗೆ ಗಾರೆ ಹಾಗೆ ಅಂಟಿಕೊಳ್ಳುತ್ತೆ. ವಸಡು ಊದಿ, ಹಲ್ಲು ಹಿಡಿದಿರೋ ಮೂಳೆ ಕರಗ್ತಾ ಹೋಗುತ್ತೆ. ಹೋದ ಮೂಳೆ ಸುಲಭಕ್ಕೆ ವಾಪಸ್ ಬರಲ್ಲ. ಆದರೆ ಕರಗೋದನ್ನ ಅಲ್ಲಿಗೇ ನಿಲ್ಲಿಸಬಹುದು.

ನಿಲ್ಲಿಸೋ ದಾರಿ ಡೀಪ್ ಕ್ಲೀನಿಂಗ್. ಅವರು ಸ್ಕೇಲಿಂಗ್ ಮತ್ತು ರೂಟ್ ಪ್ಲಾನಿಂಗ್ ಅಂತಾರೆ. ಮರಗಟ್ಟೋ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗಡೆ ತನಕ ಇಳಿದು, ಬೇರಿಗೆ ಹತ್ತಿದ್ದನ್ನೆಲ್ಲ ಕೆರೆದು ನುಣುಪು ಮಾಡ್ತಾರೆ. ನನಗೆ ಒಂದು ದಿನ ಬಲಗಡೆ, ಇನ್ನೊಂದು ದಿನ ಎಡಗಡೆ ಮಾಡಿದರು. ಎರಡೂ ಸೇರಿ ಸಾವಿರ ರೂಪಾಯಿ ಒಳಗೆ ಮುಗೀತು.

ನಮ್ಮಲ್ಲಿ ಒಂದು ಮಾತಿದೆ, ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗ್ತವೆ ಅಂತ. ಸುಳ್ಳು. ಗಾರೆ ಹೋದಾಗ ಸಂದಿ ಕಾಣುತ್ತೆ, ಊತ ಇಳಿದಾಗ ಹಲ್ಲು ಉದ್ದ ಕಾಣುತ್ತೆ, ಸ್ವಲ್ಪ ದಿನ ತಣ್ಣೀರು ಜುಂ ಅನ್ನುತ್ತೆ. ಅಷ್ಟೆ. ಇನ್ನೊಂದು, ಮೆಡಿಕಲ್ ಸ್ಟೋರಿನಲ್ಲಿ ಎರಡು ಆ್ಯಂಟಿಬಯಾಟಿಕ್ ಮಾತ್ರೆ ತಗೊಂಡು ಸುಮ್ಮನಾಗೋದು. ತೊಟ್ಟಿ ಗೋಡೆಗೆ ಕಟ್ಟಿದ ಲೋಳೆ ಪಾಚಿ ಮೇಲಿಂದ ನೀರು ಸುರಿದರೆ ಹೋಗುತ್ತಾ? ತಿಕ್ಕಲೇಬೇಕು. ಬಾಯಲ್ಲೂ ಅಷ್ಟೇ. ಕೆರೆಯದೆ ಔಷಧಿ ಒಳಗೆ ಇಳಿಯಲ್ಲ.

ಆರು ವಾರ ಬಿಟ್ಟು ಮತ್ತೆ ಕಡ್ಡಿ ಇಳಿಸಿ ಅಳೆದರು. ಬಹುತೇಕ ಕಡೆ ಮೂರಕ್ಕೆ ಬಂದಿತ್ತು. ಎರಡು ಜಾಗ ಮಾತ್ರ ಐದರಲ್ಲೇ ನಿಂತಿದ್ದವು. ಅಲ್ಲಿ ಮತ್ತೊಮ್ಮೆ ಕೆರೆದು, ಟೆಟ್ರಾಸೈಕ್ಲಿನ್ ತುಂಬಿದ ಸಣ್ಣ ನಾರನ್ನ ಜೇಬಿನೊಳಗೇ ಇಟ್ಟರು. ಡಾಕ್ಸಿಸೈಕ್ಲಿನ್ ಜೆಲ್, ಮಿನೊಸೈಕ್ಲಿನ್ ಪುಡಿ ಕೂಡ ಇದೇ ಕೆಲಸಕ್ಕೆ ಇವೆ. ಮಾತ್ರೆ ನುಂಗಿದರೆ ಔಷಧಿ ಮೈಯೆಲ್ಲ ಸುತ್ತುತ್ತೆ. ಇದು ಕಾಯಿಲೆ ಇರೋ ಜಾಗದಲ್ಲೇ ಕೂತು ದಿನಗಟ್ಟಲೆ ನಿಧಾನಕ್ಕೆ ಇಳಿಯುತ್ತೆ. ಆ ನಾರು ತಾನೇ ಕರಗಿಹೋಗುತ್ತೆ, ತೆಗೆಸೋಕೆ ಮತ್ತೆ ಹೋಗಬೇಕಿಲ್ಲ. ಒಂದು ಹತ್ತು ದಿನ ಆ ಜಾಗಕ್ಕೆ ಕಡ್ಡಿ, ದಾರ ಹಾಕಬೇಡಿ ಅಂದರು. ಆ ಮಗಳು ಮುಚ್ಚುಮರೆ ಇಲ್ಲದೆ ಹೇಳಿದಳು: "ಸಾರ್, ಮುಖ್ಯ ಕೆಲಸ ಕ್ಲೀನಿಂಗ್‌ದು. ಇದರಿಂದ ಸಿಗೋ ಹೆಚ್ಚುವರಿ ಲಾಭ ಸ್ವಲ್ಪವೇ. ಎಲ್ಲರಿಗೂ ಬೇಕಾಗಲ್ಲ." ಟೆಟ್ರಾಸೈಕ್ಲಿನ್ ಅಲರ್ಜಿ ಇರೋರು, ಬಸುರಿಯರು, ಹಾಲೂಡಿಸೋ ತಾಯಂದಿರು ಮೊದಲೇ ಡಾಕ್ಟರಿಗೆ ಹೇಳಬೇಕು.

ಇದನ್ನೆಲ್ಲ ಇಲ್ಲಿ ಯಾಕೆ ಬರೀತಿದೀನಿ? 1936ರಲ್ಲಿ ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ದಾಖಲಿಸಿದ್ದಾರೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಕೊರಳಿಗೆ ಮಡಕೆ ಕಟ್ಟಿಕೊಂಡು ಓಡಾಡಬೇಕಿತ್ತು, ಅವರ ಎಂಜಲು ನೆಲಕ್ಕೆ ಬಿದ್ದು ಸವರ್ಣೀಯರಿಗೆ ಮೈಲಿಗೆ ಆಗಬಾರದು ಅಂತ. ನಮ್ಮ ಬಾಯಿ ಅಂದರೆ ಕೊಳಕು ಅಂತ ಇವತ್ತೂ ಅನ್ನಿಸೋದು ಸುಮ್ಮನೆ ಹುಟ್ಟಿದ್ದಲ್ಲ. ಮಡಕೆ ಹೋಗಿದೆ. "ನಿಮ್ಮ ಕಡೆಯವರು" ಅನ್ನೋ ಮಾತು ಉಳಿದಿದೆ.

ಪೌರಕಾರ್ಮಿಕರ ಸಂಘದಲ್ಲಿ ನನ್ನ ಜೊತೆ ಇರೋ ಒಬ್ಬ ಅಕ್ಕನಿಗೆ ನಲವತ್ತೆರಡು ವಯಸ್ಸು. ಬೆಳಗ್ಗೆ ಆರಕ್ಕೆ ಪೊರಕೆ ಹಿಡಿಯೋಳು. ಆ ನಾತ ತಡೆಯೋಕೆ ಬಾಯಲ್ಲಿ ಎಲೆಅಡಿಕೆ, ಕಡ್ಡಿಪುಡಿ. ಅದನ್ನ ಚಟ ಅಂತ ಬೈಯೋರು ಒಂದು ದಿನ ಆ ಕಸದ ಗಾಡಿ ಪಕ್ಕ ನಿಂತು ನೋಡಲಿ. ಅಕ್ಕನಿಗೆ ಸಕ್ಕರೆ ಕಾಯಿಲೆಯೂ ಇದೆ. ಸಕ್ಕರೆ ಜಾಸ್ತಿ ಇದ್ದರೆ ವಸಡು ಬೇಗ ಕೆಡುತ್ತೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರೋದು ಕಷ್ಟ. ಎರಡೂ ಒಂದನ್ನೊಂದು ಎಳೀತವೆ. ಅವಳಿಗೆ ಐದು ಹಲ್ಲು ಕೀಳಿಸೋಕೆ ದಿನ ಗೊತ್ತಾಗಿತ್ತು. ನಾನೇ ಕಾಲೇಜಿಗೆ ಕರ್ಕೊಂಡು ಹೋದೆ. ಅಳೆದು ನೋಡಿ, ಎರಡು ಉಳಿಯಲ್ಲ, ಮೂರು ಉಳಿಸಬಹುದು ಅಂದರು.

ಆದರೆ ಅದಕ್ಕೆ ನಾಲ್ಕು ಸಲ ಹೋಗಬೇಕು. ಓಪಿಡಿ ಹೊತ್ತು ಅಂದರೆ ಅಕ್ಕನ ಡ್ಯೂಟಿ ಹೊತ್ತು. ಒಂದು ಸಲ ಹೋದರೆ ಒಂದು ದಿನದ ಸಂಬಳ ಕಟ್. "ಮೂರು ಹಲ್ಲಿಗೆ ನಾಲ್ಕು ದಿನದ ಕೂಲಿ ಕೊಡ್ಲಾ ಅಣ್ಣ?" ಅಂದಳು. "ನಿಮ್ಮ ಕಡೆಯವರು ನಾಲ್ಕು ಸಲ ಬರೋರಲ್ಲ" ಅಂದ ಆ ಡಾಕ್ಟರಿಗೆ ಉತ್ತರ ಇಲ್ಲಿದೆ. ಬರೋರಲ್ಲ ಅಲ್ಲ ಸಾರ್, ಬರೋಕೆ ಬಿಟ್ಟಿಲ್ಲ.

ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ ಕೊಡೋ ದಂತಭಾಗ್ಯ ಯೋಜನೆಯನ್ನ ನಮ್ಮ ಸರ್ಕಾರ ತಂದಿತು. ಒಳ್ಳೇದೇ. ಆದರೆ ಹಲ್ಲೆಲ್ಲ ಹೋದ ಮೇಲೆ ಕೊಡೋ ಭಾಗ್ಯ ಅದು. ಇರೋ ಹಲ್ಲು ಉಳಿಸೋ ಭಾಗ್ಯ ಯಾವಾಗ? ಪೌರಕಾರ್ಮಿಕರಿಗೆ ಮಾಡೋ ಆರೋಗ್ಯ ತಪಾಸಣೆಯಲ್ಲಿ ಬಿಪಿ, ಶುಗರ್ ಜೊತೆ ವಸಡನ್ನೂ ಅಳೀಬೇಕು. ಚಿಕಿತ್ಸೆಗೆ ಹೋದ ಅರ್ಧ ದಿನಕ್ಕೆ ಸಂಬಳ ಕೊಡಬೇಕು. ಸಂಘದ ಬೇಡಿಕೆ ಪಟ್ಟಿಗೆ ಇವೆರಡನ್ನೂ ಈ ತಿಂಗಳು ಸೇರಿಸಿದೀವಿ. ಅಲ್ಲೀವರೆಗೆ ಅಕ್ಕನ ನಾಲ್ಕು ದಿನದ ಕೂಲಿಯನ್ನ ನಾವು ಹತ್ತು ಜನ ಸೇರಿ ಹಾಕ್ತಿದೀವಿ. ಮೊದಲನೇ ಸಿಟ್ಟಿಂಗ್ ಮೊನ್ನೆ ಆಯ್ತು.

ನೀವು ಮಾಡಬೇಕಾದ್ದು ಇಷ್ಟೇ. ಮನೆಯಲ್ಲಿ ಯಾರಿಗಾದರೂ ವಸಡಲ್ಲಿ ರಕ್ತ, ಕೀವು, ವಾಸನೆ ಇದ್ದರೆ ಕಾಯಬೇಡಿ. ಬೀಡಿ ಸೇದೋರಿಗೆ ಕಾಯಿಲೆ ಇದ್ದರೂ ರಕ್ತ ಕಮ್ಮಿ ಕಾಣುತ್ತೆ, ಮೋಸ ಹೋಗಬೇಡಿ. ನಮ್ಮ ರಾಜ್ಯದಲ್ಲಿ ಡೆಂಟಲ್ ಕಾಲೇಜುಗಳಿಗೆ ಬರ ಇಲ್ಲ. ಬೆಂಗಳೂರು, ಬಳ್ಳಾರಿಯಲ್ಲಿ ಸರ್ಕಾರಿ ಕಾಲೇಜುಗಳೇ ಇವೆ, ಕಲಬುರಗಿಯಲ್ಲಿ ಇಎಸ್ಐನವರದ್ದಿದೆ. ಒಮ್ಮೆ ಚಿಕಿತ್ಸೆ ಆದಮೇಲೆ ಮೂರ್ನಾಲ್ಕು ತಿಂಗಳಿಗೊಮ್ಮೆ ತೋರಿಸ್ತಾ ಇರಬೇಕು, ಇಲ್ಲಾಂದ್ರೆ ಮತ್ತೆ ಬರುತ್ತೆ.

ಯಾರಾದರೂ ಕೀಳಬೇಕು ಅಂದರೆ ತಲೆ ಆಡಿಸೋ ಮುಂಚೆ ಕೇಳಿ: "ಡಾಕ್ಟ್ರೇ, ಆಳ ಎಷ್ಟಿದೆ? ಅಳೆದು ಹೇಳಿ." ಅಳೀದೆ ಕೀಳೋ ಹಕ್ಕು ಯಾರಿಗೂ ಇಲ್ಲ.

ಜೈ ಭೀಮ್.