ಅರಿವೆಯ ಹೂವು

ಹೂವಿಗೆ ಪರಿಮಳವೇ ಪ್ರಾಣವೆಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ. ಅವರನ್ನು ಒಂದು ಪ್ರಶ್ನೆ ಕೇಳಬೇಕೆಂದು ನನಗೆ ಬಹುದಿನಗಳ ಆಸೆ: ಹಾಗಾದರೆ ಕನಕಾಂಬರದ ಗತಿಯೇನು? ಅದಕ್ಕೆ ಪರಿಮಳವೆಂಬುದೇ ಇಲ್ಲ. ಆದರೂ ನಮ್ಮ ಹೆಣ್ಣುಮಕ್ಕಳು ಅದನ್ನು ಮಲ್ಲಿಗೆಯ ಜೊತೆಯಲ್ಲಿ ಸೇರಿಸಿ ಕಟ್ಟಿ, ಸಮಾನ ಗೌರವದಿಂದ ಮುಡಿಯುತ್ತಾರೆ. ದಾಸವಾಳದ ಕಥೆಯೂ ಅಷ್ಟೆ. ದೇವರು ಅದನ್ನು ಬೇಡವೆಂದದ್ದನ್ನು ಯಾರೂ ಕೇಳಿಲ್ಲ. ಹೀಗಿರುವಾಗ, ಬಟ್ಟೆಯಲ್ಲಿ ಮಾಡಿದ ಹೂವನ್ನು ಕಂಡೊಡನೆ ‘ಚೆನ್ನಾಗಿದೆ, ಆದರೆ ವಾಸನೆಯಿಲ್ಲವಲ್ಲ’ ಎಂದು ಮೂಗು ಮುರಿಯುವುದು ನ್ಯಾಯವೆನಿಸದು.

ನಾನು ಹೀಗೆ ವಕಾಲತ್ತು ವಹಿಸುವುದಕ್ಕೆ ಕಾರಣ ನನ್ನ ಸೋದರತ್ತೆ. 1986ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಅಂದು ಅವರ ಮುಡಿಯಿಂದ ಇಳಿದ ಹೂವು ಮತ್ತೆ ಏರಲಿಲ್ಲ. ಯಾರೂ ಗದರಿಸಲಿಲ್ಲ, ಯಾರೂ ತಡೆಯಲಿಲ್ಲ. ಹಾಗೆಂದು ಒಂದು ಮೊಳ ಹೂವನ್ನು ತಂದು ಅವರ ಕೈಗಿಟ್ಟವರೂ ಇಲ್ಲ. ಮರುವರ್ಷದಿಂದಲೇ ಅವರು ದರ್ಜಿಯ ಅಂಗಡಿಯ ಚೂರು ಬಟ್ಟೆಗಳನ್ನು ತರಿಸಿಕೊಂಡು ಹೂ ಮಾಡಲು ತೊಡಗಿದರೆಂದು ನಮ್ಮ ತಂದೆ ಹೇಳುತ್ತಿದ್ದರು. ಈ ಎರಡು ಸಂಗತಿಗಳನ್ನು ಅವರು ಬೇರೆ ಬೇರೆಯಾಗಿಯೇ ಹೇಳುತ್ತಿದ್ದರು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದವನು ನಾನು.

ಈ ಕೆಲಸವನ್ನು ಹಗುರವೆಂದು ತಿಳಿದವರು ಒಮ್ಮೆ ಮಾಡಿ ನೋಡಬೇಕು. ಮೊದಲು ಬಟ್ಟೆಗೆ ಗಟ್ಟಿಯಾಗಿ ಗಂಜಿ ಹಾಕಿ ನೆರಳಿನಲ್ಲಿ ಒಣಗಿಸಬೇಕು. ಗಂಜಿ ತೆಳುವಾದರೆ ದಳ ಜೋತುಬೀಳುತ್ತದೆ. ಅತಿಯಾದರೆ ಹಪ್ಪಳದಂತೆ ಮುರಿಯುತ್ತದೆ. ಆಮೇಲೆ ಕತ್ತರಿ. ಇಲ್ಲಿಯೇ ಇದರ ಗುಟ್ಟು ಇರುವುದು. ಹಾಸುಹೊಕ್ಕುಗಳ ನೇರಕ್ಕೆ ಕತ್ತರಿಸಿದ ದಳ ಎಳೆಯೆಳೆಯಾಗಿ ಬಿಚ್ಚಿಕೊಳ್ಳುತ್ತದೆ, ಬಾಗು ಎಂದರೆ ಬಾಗುವುದಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿದರೆ ಅದೇ ಬಟ್ಟೆ ಹಿಗ್ಗುತ್ತದೆ, ಎಳೆದತ್ತ ಮಣಿಯುತ್ತದೆ. ನೇಯ್ಗೆಯ ಒಳಗೇ ಇದ್ದ ಈ ಗುಣ ಉಟ್ಟವರಿಗೆ ತಿಳಿದಿರುವುದಿಲ್ಲ.

ಗುಲಾಬಿಯ ದಳಕ್ಕೆ ಬಟ್ಟಲಿನ ತಗ್ಗು ಬರಬೇಕಷ್ಟೆ. ಪ್ಯಾರಿಸ್ಸಿನ ಕುಶಲಿಗಳು ಇದಕ್ಕೆಂದೇ ಉದ್ದ ಹಿಡಿಯ ತುದಿಯಲ್ಲಿ ಲೋಹದ ಗುಂಡುಳ್ಳ ಸಲಕರಣೆಗಳನ್ನು ಕಾಯಿಸಿ, ಮೆತ್ತೆಯ ಮೇಲಿಟ್ಟ ದಳದ ನಡುವೆ ಒತ್ತುತ್ತಾರೆ. ಗುಂಡುಗಳಲ್ಲಿ ಚಿಕ್ಕದು ದೊಡ್ಡದು ಎಂದು ಹಲವು ಅಳತೆಗಳಿವೆ. ನಮ್ಮ ಅತ್ತೆಯ ಬಳಿ ಇದ್ದದ್ದು ಒಂದೇ ಅಳತೆ: ಕಬ್ಬಿಣದ ಒಗ್ಗರಣೆ ಸೌಟು. ಅದನ್ನು ಒಲೆಯ ಮೇಲೆ ಕಾಯಿಸಿ, ದಿಂಬಿನ ಮೇಲಿನ ದಳಕ್ಕೆ ಅದರ ಬೆನ್ನನ್ನು ಒತ್ತಿದರೆ ಸಾಕು. ಆದ್ದರಿಂದ ಅತ್ತೆಯ ಗುಲಾಬಿಗೆ ವಾಸನೆಯೇ ಇಲ್ಲವೆನ್ನುವಂತಿಲ್ಲ. ಹೊಸದರಲ್ಲಿ ಸಾಸಿವೆ ಇಂಗುಗಳ ಪರಿಮಳ ಸಾಕಷ್ಟು ಇರುತ್ತದೆ. ದಾಸವಾಳದ ಕೇಸರಕ್ಕೆ ದಾರವನ್ನು ಮೈದಾ ಅಂಟಿನಲ್ಲಿ ಅದ್ದಿ, ಅರಿಸಿನ ಬೆರೆಸಿದ ಚಿರೋಟಿ ರವೆಯಲ್ಲಿ ಹೊರಳಿಸುತ್ತಾರೆ. ಒಣಗಿದ ಮೇಲೆ ದುಂಬಿಯೇ ಮೋಸಹೋಗಬೇಕು. ಪಾಲಿಯೆಸ್ಟರ್ ಸ್ಯಾಟಿನ್ ಬಂದ ಮೇಲೆ ಅಂಚನ್ನು ಮೇಣದ ಬತ್ತಿಯ ಉರಿಗೆ ಹಿಡಿದರೆ ಸಾಕು, ತಾನಾಗಿಯೇ ಕರಗಿ ಮುದುಡಿ ದಳವಾಗುತ್ತದೆ. ಅತ್ತೆಗೆ ಅದು ಹಿಡಿಸಲಿಲ್ಲ. “ಸುಟ್ಟು ಅರಳಿಸುವುದು ಯಾವ ಸಂಭ್ರಮವೋ!” ಎಂದುಬಿಟ್ಟರು.

ಹೂವು ಮುಡಿಯುವವರು ಒಬ್ಬರು, ಮಾಡುವವರು ಮತ್ತೊಬ್ಬರು. ಇದು ಈ ಕಸುಬಿನ ಹಳೆಯ ಕಥೆ. ಲೂಯಿಸ್ ಹೈನ್ ಎಂಬಾತ 1908ರಿಂದ ಅಮೆರಿಕದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಚಿತ್ರ ತೆಗೆಯುತ್ತ ನ್ಯೂಯಾರ್ಕಿನ ಬಡವರ ವಠಾರಗಳನ್ನು ಹೊಕ್ಕನು. ಅಲ್ಲಿನ ಚಿತ್ರಗಳಲ್ಲಿ, ಅಡುಗೆಮನೆಯ ಮೇಜಿನ ಸುತ್ತ ತಾಯಿಯೂ ಪುಟ್ಟ ಮಕ್ಕಳೂ ಕುಳಿತು ಹೂ ಕಟ್ಟುತ್ತಿದ್ದಾರೆ. ಆ ಹೂಗಳು ಹೋಗುತ್ತಿದ್ದುದು ಸಿರಿವಂತ ಮಹಿಳೆಯರ ಟೋಪಿಗಳಿಗೆ. ಲಂಡನ್ನಿನಲ್ಲಿ 1922ರಲ್ಲಿ, ಮೊದಲ ಮಹಾಯುದ್ಧದಿಂದ ಅಂಗವಿಕಲರಾಗಿ ಮರಳಿದ ಐವರು ಸೈನಿಕರೊಡನೆ ಕೆಂಪು ಗಸಗಸೆ ಹೂಗಳನ್ನು ಮಾಡುವ ಕಾರ್ಖಾನೆಯೊಂದು ಆರಂಭವಾಯಿತು. ಮಡಿದವರ ನೆನಪಿಗೆ ಎದೆಯ ಮೇಲೆ ಧರಿಸುವ ಹೂ ಅದು. ಒಂದೇ ಕೈ ಉಳಿದವನೂ ಜೋಡಿಸಬಹುದಾದಂತೆ ಅದನ್ನು ರೂಪಿಸಿದ್ದರಂತೆ. ಈ ಸಂಗತಿಯನ್ನು ಅತ್ತೆಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಕಾಂಡಕ್ಕೆ ತಂತಿ ಸುತ್ತುವುದಕ್ಕೆ ಏನು ಮಾಡುತ್ತಿದ್ದರೋ, ಪಾಪ” ಎಂದರು.

2017ರಲ್ಲಿ ನನ್ನ ತಂಗಿಯ ಮದುವೆ ನಡೆಯಿತು. ಮೊಗ್ಗಿನ ಜಡೆಯನ್ನು ಅತ್ತೆಯೇ ಮಾಡಬೇಕೆಂದು ಅವಳ ಹಟ. ಬಿಳಿಯ ರೇಷ್ಮೆಯ ಚೂರುಗಳಿಂದ ಇನ್ನೂರಕ್ಕೂ ಮೇಲ್ಪಟ್ಟು ಮಲ್ಲಿಗೆಯ ಮೊಗ್ಗುಗಳನ್ನು ಸುತ್ತಿ, ನಡುನಡುವೆ ಕನಕಾಂಬರವಿಟ್ಟು ಅತ್ತೆ ಒಂದು ತಿಂಗಳು ಹೊಲಿದರು. ಮುಹೂರ್ತದ ಬೆಳಿಗ್ಗೆ ಬೀಗರ ಕಡೆಯ ಹಿರಿಯರೊಬ್ಬರು, ಜಡೆ ಮಾಡಿದವರು ಯಾರೆಂದು ವಿಚಾರಿಸಿ, “ಶುಭಕಾರ್ಯಕ್ಕೆ ನಿಜವಾದ ಹೂವೇ ಲೇಸಲ್ಲವೆ?” ಎಂದು ಬಹಳ ಮೃದುವಾಗಿ ಕೇಳಿದರು. ಅವರ ಆಕ್ಷೇಪಣೆ ಬಟ್ಟೆಯ ಮೇಲಲ್ಲವೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಅತ್ತೆ ಆಗಲೇ ಜಡೆಯ ಪೆಟ್ಟಿಗೆಯನ್ನು ಮುಚ್ಚತೊಡಗಿದ್ದರು. ತಂಗಿ ಅವರ ಮುಂದೆ ಮಣೆ ಹಾಕಿಕೊಂಡು, ಬೆನ್ನು ತಿರುಗಿಸಿ ಕುಳಿತಳು. “ಅತ್ತೆ, ಹೊತ್ತಾಯಿತು, ಕಟ್ಟಿ” ಎಂದಳು. ಅತ್ತೆ ಕಟ್ಟಿದರು. ಕೈ ನಡುಗುತ್ತಿತ್ತು, ಪಿನ್ನುಗಳನ್ನು ಒಂದೊಂದಾಗಿ ಎತ್ತಿಕೊಟ್ಟವಳು ನಮ್ಮ ತಾಯಿ. ಹಿರಿಯರು ಹೊರಗೆ ಕಾಫಿಗೆ ಹೋದರು.

ಆ ರಾತ್ರಿ ಚಪ್ಪರದಲ್ಲಿ ಕುಳಿತಿದ್ದಾಗ ನಾನು ಕೇಳಿಯೇಬಿಟ್ಟೆ: “ನೀವು ಮಾಡಿದ್ದನ್ನು ನೀವೇ ಒಂದು ದಿನ ಏಕೆ ಮುಡಿಯಬಾರದು, ಅತ್ತೆ? ಕಟ್ಟುಪಾಡು ಹೂವಿಗೆ. ಇದು ಬಟ್ಟೆಯಲ್ಲವೆ?”

ಅವರು ನಕ್ಕರು. “ಇಷ್ಟು ವರ್ಷ ಇದನ್ನು ಹೂವೆಂದೇ ಮಾಡಿದೆನಲ್ಲೋ. ಮುಡಿಯುವ ಹೊತ್ತಿಗೆ ಬಟ್ಟೆಯೆನ್ನಲೆ? ಓದಿದವನು ನೀನು, ಹೇಳು.”

ಹೂವಿನಂತಹುದೆಂದರೆ ಉಪಮೆ, ಹೂವೇ ಎಂದರೆ ರೂಪಕ ಎಂದು ವರ್ಷವರ್ಷವೂ ತರಗತಿಯಲ್ಲಿ ಪಾಠ ಹೇಳುವವನು ನಾನು. ಅಂದು ಬಾಯಿ ಬರಲಿಲ್ಲ. ಬಟ್ಟೆಯೆಂದರೆ ಅವರ ಮೂವತ್ತು ವರ್ಷಗಳ ದುಡಿಮೆಯನ್ನು ಚಿಂದಿಯೆಂದಂತಾಗುತ್ತಿತ್ತು. ಹೂವೆಂದರೆ ಆ ಹಿರಿಯರ ಪಕ್ಷಕ್ಕೆ ನಿಂತಂತಾಗುತ್ತಿತ್ತು. ಮುಡಿಯುವುದಕ್ಕೆ ಹೂವಾದರೇನು, ಬಟ್ಟೆಯಾದರೇನು ಎಂಬ ಮೂರನೆಯ ಉತ್ತರ ನನ್ನಲ್ಲಿತ್ತು. ಅದನ್ನು ಹೇಳಿದೆ ಕೂಡ. “ಅದು ನಿನ್ನ ಕಾಲದ ಮಾತು” ಎಂದು ಎದ್ದುಹೋದರು.

ಈಗ ಅವರಿಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದು. ಸಂಜೆ ಕಾಲೇಜಿನಿಂದ ಬಂದವನೇ ಹತ್ತು ಸೂಜಿಗಳಿಗೆ ದಾರ ಹಾಕಿ, ದಿಂಬಿಗೆ ಚುಚ್ಚಿಡುವುದು ನನ್ನ ಪಾಲಿನ ಕೆಲಸ. ಕಳೆದ ದೀಪಾವಳಿಯ ಹಿಂದಿನ ದಿನ ಸೂಜಿಗಳಿಗಾಗಿ ಅವರ ಡಬ್ಬಿಯನ್ನು ತೆರೆದಾಗ, ತಿಳಿಹಳದಿ ಬಟ್ಟೆಯ ಸಂಪಿಗೆಯೊಂದು ಕಂಡಿತು. ಕೇಳಿಬಂದ ಮಾಲುಗಳೆಲ್ಲ ಹೊರಗೆ ಚೀಟಿ ಅಂಟಿಸಿದ ಪೊಟ್ಟಣಗಳಲ್ಲಿರುತ್ತವೆ, ಇದಕ್ಕೆ ಚೀಟಿಯಿರಲಿಲ್ಲ. ಬೆನ್ನಿಗೆ ಹೇರ್‌ಪಿನ್ನು ಹೊಲಿದಿತ್ತು. ಯಾರಿಗೆಂದು ನಾನು ಕೇಳಲಿಲ್ಲ. ದಾರ ಪೋಣಿಸಿ, ಡಬ್ಬಿಯನ್ನು ಮೊದಲಿದ್ದಂತೆ ಮುಚ್ಚಿಟ್ಟೆ.