ಭಾಗ 4: ಮಂಡಕ್ಕಿಯ ನೈಟ್ ಡ್ಯೂಟಿ

ಸ್ವೈಪ್ ಮಾಡಿದ್ರೆ ಎರಡನೇ ಫೋಟೋದಲ್ಲಿ ಕತ್ತಲೆ ನಡುವೆ ಎರಡು ಹಸಿರು ಬಲ್ಬು ಕಾಣ್ತವಲ್ಲ, ಅದು ಬಲ್ಬಲ್ಲ, ನಮ್ಮ ಮಂಡಕ್ಕಿ. ಸಮಯ ರಾತ್ರಿ 2 ಗಂಟೆ 10 ನಿಮಿಷ. ಜಾಗ, ಅಪ್ಪಾಜಿ ಮಲಗುವ ಸೊಳ್ಳೆ ಪರದೆಯ ತುದಿ. ಪರದೆ ಒಳಗೆ ಅಪ್ಪಾಜಿನೂ ಇದ್ದಾರೆ. ಅವರು ಫೋಟೋದಲ್ಲಿ ಬರೋಕೆ ಒಪ್ಪಲಿಲ್ಲ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ: ಮಂಡಕ್ಕಿಗೆ ಈಗ ನಾಲ್ಕು ತಿಂಗಳು. ಬಿಳಿ ಮೈ, ಬೆನ್ನ ಮೇಲೆ ಖಾರದ ಪುಡಿ ಉದುರಿಸಿದ ಹಾಗೆ ಕಂದು ಚುಕ್ಕೆ. ಹೆಸರಿಗೆ ಬೇರೆ ಕಾರಣ ಇಲ್ಲ.

ಹಗಲಲ್ಲಿ ಇವಳು ಮನೇಲಿ ಇದ್ದಾಳೋ ಇಲ್ವೋ ಅನ್ನೋದೇ ಗೊತ್ತಾಗಲ್ಲ. ಅಕ್ಕಿ ಡಬ್ಬದ ಮೇಲೆ, ಅಜ್ಜಿಯ ಸೀರೆ ಬುಟ್ಟಿಯೊಳಗೆ, ನನ್ನ ಕಾಸ್ಟ್ ಅಕೌಂಟಿಂಗ್ ಪುಸ್ತಕದ ಮೇಲೆ ಸುರುಳಿ ಸುತ್ತಿಕೊಂಡು ನಿದ್ದೆ. ಬೆಕ್ಕುಗಳು ದಿನಕ್ಕೆ 12ರಿಂದ 16 ಗಂಟೆ ಮಲಗ್ತವೆ, ಮರಿಗಳಂತೂ ಕೇಳೋದೇ ಬೇಡ. ಆದರೆ ರಾತ್ರಿ ಲೈಟ್ ಆಫ್ ಮಾಡಿ ಐದು ನಿಮಿಷ ಆಗಿರಲ್ಲ, ಅಡುಗೆಮನೆಯಿಂದ ಮುಂಬಾಗಿಲವರೆಗೆ ಮೊದಲ ಓಟ ಶುರು. ನಮ್ಮದು ಹಳೇ ಬಾಡಿಗೆ ಮನೆ, ರೆಡ್ ಆಕ್ಸೈಡ್ ನೆಲ. ತಿರುವಿನಲ್ಲಿ ಕಾಲು ಜಾರಿ ಸೀದಾ ಹೋಗಿ ಗ್ಯಾಸ್ ಸಿಲಿಂಡರ್‌ಗೆ ಡಿಕ್ಕಿ. ಅದಕ್ಕೆಲ್ಲ ನಾಚಿಕೆ ಪಡೋ ಜಾತಿ ಅಲ್ಲ, ಎದ್ದು ವಾಪಸ್ ಓಟ. ಆಮೇಲೆ ನೀರಿನ ಬಾಟಲಿ ಮುಚ್ಚಳದ ಫುಟ್‌ಬಾಲ್. ಆಮೇಲೆ ಹೊದಿಕೆ ಒಳಗೆ ಅಲುಗಾಡಿದ ಯಾರದ್ದಾದರೂ ಕಾಲ್ಬೆರಳಿನ ಮೇಲೆ ದಾಳಿ. ಇಷ್ಟರ ಮಧ್ಯೆ ಪಾತ್ರೆ ಸ್ಟ್ಯಾಂಡಿಂದ ಒಂದು ಸ್ಟೀಲ್ ಲೋಟ ಬೀಳಲೇಬೇಕು. ನಡುರಾತ್ರೀಲಿ ಸ್ಟೀಲ್ ಲೋಟ ಬಿದ್ದು, ಉರುಳಿ, ನಿಂತ್ತು ಅನ್ಕೊಂಡಾಗ ಇನ್ನೊಂದು ಸುತ್ತು ಉರುಳುತ್ತಲ್ಲ, ಆ ಸದ್ದು ಕೇಳಿದೋರಿಗೇ ಗೊತ್ತು.

ರೀಲ್ಸಲ್ಲಿ ಇದೆಲ್ಲ ಮುದ್ದಾಗಿ ಕಾಣುತ್ತೆ. ನಾನೂ ಹಾಕಿದೀನಿ, ಒಳ್ಳೆ ವ್ಯೂಸ್ ಬಂದಿದೆ. ಆದರೆ ನಮ್ಮಪ್ಪಾಜಿ ಬಸ್ ಡ್ರೈವರ್. ಶಿವಮೊಗ್ಗದಿಂದ ಸಾಗರದ ಕಡೆ ಹೋಗುವ ಬೆಳಗಿನ ಮೊದಲ ಟ್ರಿಪ್ ಅವರದ್ದು. 3:45ಕ್ಕೆ ಏಳ್ತಾರೆ, ನಾಲ್ಕೂವರೆಗೆ ಮನೆ ಬಿಡ್ತಾರೆ. ರಾತ್ರಿ ಒಂಬತ್ತಕ್ಕೆ ಮಲಗಿದ್ರೆ ಮಾತ್ರ ಆ ಲೆಕ್ಕ ಸರಿಹೋಗೋದು.

ಕಳೆದ ತಿಂಗಳು ಒಂದಿನ ಮಧ್ಯಾಹ್ನ ಮನೆಗೆ ಬಂದವರು ಊಟಕ್ಕೆ ಕೂರಲಿಲ್ಲ. ಕೈಕಾಲು ತೊಳೆದು ಸುಮ್ಮನೆ ಗೋಡೆಗೆ ಒರಗಿ ಕೂತರು. ಅಮ್ಮ ಎರಡು ಸಲ ಕೇಳಿದ ಮೇಲೆ ಹೇಳಿದ್ದು, "ಕುಂಸಿ ದಾಟ್ತಿದ್ದಂಗೆ ಕಣ್ಣು ಎಳೀತು ಕಣೇ. ಒಂದೇ ಒಂದು ಕ್ಷಣ. ಕಂಡಕ್ಟರ್ ಸಿಳ್ಳೆ ಹೊಡೆದಿದ್ದಕ್ಕೆ ಎಚ್ಚರ ಆಯ್ತು." ಬಸ್ ಪಕ್ಕಕ್ಕೆ ಹಾಕಿ, ಮುಖಕ್ಕೆ ನೀರು ಹಾಕ್ಕೊಂಡು, ಟೀ ಕುಡಿದು ಮುಂದೆ ಹೋಗಿದ್ದಾರೆ. ಬಸ್ ತುಂಬ ಜನ ಇದ್ರು. ಹಿಂದಿನ ರಾತ್ರಿ ಮಂಡಕ್ಕಿ ಅವರನ್ನ ಎರಡು ಗಂಟೆಗೇ ಎಬ್ಬಿಸಿದ್ದಳು.

ಅಪ್ಪಾಜಿ ಬೈಯಲಿಲ್ಲ. ಬೈದಿದ್ರೆ ವಾಸಿ ಇತ್ತು. "ಭಾನುವಾರ ಇದನ್ನ ಮೀನು ಮಾರ್ಕೆಟ್ ಹತ್ರ ಬಿಟ್ಟು ಬಾರಮ್ಮ, ಅಲ್ಲಿ ಬದುಕ್ಕೊಳ್ತದೆ" ಅಂದ್ರು. ನಾನು ವಾದ ಮಾಡಲಿಲ್ಲ. ಯಾಕಂದ್ರೆ ಅವರು ಹೇಳಿದ್ದು ನ್ಯಾಯವಾಗೇ ಇತ್ತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂತ ಗಾದೆ. ಇಲ್ಲಿ ಇಲಿಯ ಜಾಗದಲ್ಲಿ ನಮ್ಮಪ್ಪ, ಅವರ ಹಿಂದೆ ಒಂದು ಬಸ್ ಜನ. ಆದರೆ ಮನೆಯೊಳಗೇ ಬೆಳೆದ ನಾಲ್ಕು ತಿಂಗಳ ಮರಿ ಮಾರ್ಕೆಟಿನ ನಾಯಿಗಳ ನಡುವೆ ಎಷ್ಟು ದಿನ ಬದುಕ್ಕೊಳ್ತದೆ ಅನ್ನೋದೂ ನನಗೆ ಗೊತ್ತು. "ಎರಡು ವಾರ ಟೈಮ್ ಕೊಡಿ ಅಪ್ಪಾಜಿ" ಅಂದೆ. ಹೂಂ ಅನ್ನಲಿಲ್ಲ, ಉಹೂಂ ಅಂತಾನೂ ಅನ್ನಲಿಲ್ಲ. ಅಷ್ಟು ದಿನ ಅವರು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಲಿ, ಹಾಲಿನ ಜವಾಬ್ದಾರಿ ನನ್ನದು ಅಂತ ತೀರ್ಮಾನ ಆಯ್ತು.

ಅಜ್ಜಿಯ ಸಲಹೆ, ಬಚ್ಚಲಲ್ಲಿ ಕೂಡಿ ಹಾಕು. ಒಂದು ರಾತ್ರಿ ಹಾಕಿದ್ದೂ ಆಯ್ತು. ಬಕೆಟ್ ಮೇಲಿನ ಮಗ್ ಬೀಳಿಸಿ, ಬಾಗಿಲು ಕೆರೆದು, ಬೆಕ್ಕಿನ ಮರಿ ಇಷ್ಟು ಗಟ್ಟಿ ಕೂಗುತ್ತೆ ಅಂತ ಪಕ್ಕದ ಮನೆಯವರಿಗೂ ತಿಳೀತು.

ಹೇಗೂ ಸೆಮಿಸ್ಟರ್ ಪರೀಕ್ಷೆಗೆ ಓದೋಕೆ ನಾನು ರಾತ್ರಿ ಎದ್ದೇ ಇರ್ತೀನಿ. ಹಿಂದಿನ ಹತ್ತು ದಿನದಿಂದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಸುಮ್ಮನೆ ತಮಾಷೆಗೆ ಬರೆದಿಡ್ತಿದ್ದೆ, ಎಷ್ಟು ಗಂಟೆಗೆ, ಏನು ಬೀಳಿಸಿದಳು, ಯಾರು ಎದ್ದರು ಅಂತ. ಅದನ್ನ ಈಗ ಸರಿಯಾಗಿ ಕೂತು ನೋಡಿದೆ. ಇಡೀ ರಾತ್ರಿ ಗಲಾಟೆ ಅಂತ ನಾವೆಲ್ಲ ಹೇಳ್ತಿದ್ವಿ, ಪುಸ್ತಕದಲ್ಲಿ ಹಾಗಿರಲಿಲ್ಲ. ಎರಡೇ ಹೊತ್ತು. ಒಂದು ಲೈಟ್ ಆರಿದ ಮೇಲೆ ಮುಕ್ಕಾಲು ಗಂಟೆ. ಇನ್ನೊಂದು ಬೆಳಗಿನ ಜಾವ. ನಡುವೆ ಅವಳೂ ಮಲಗ್ತಾಳೆ.

ಇದರಲ್ಲಿ ಅವಳ ಕಿತಾಪತಿ ಏನೂ ಇಲ್ಲ. ಬೆಕ್ಕು ಪೂರ್ತಿ ರಾತ್ರಿ ಪ್ರಾಣಿನೂ ಅಲ್ಲ, ಹಗಲಿನದ್ದೂ ಅಲ್ಲ. ಮುಸ್ಸಂಜೆ ಮತ್ತು ನಸುಕು ಅದರ ಹೊತ್ತು, ಇಲಿ ಹೆಗ್ಗಣ ಓಡಾಡೋ ಹೊತ್ತು. ಕಣ್ಣಿನ ಹಿಂಭಾಗದಲ್ಲಿ ಕನ್ನಡಿ ಥರದ ಒಂದು ಪದರ ಇರುತ್ತೆ, ಒಳಗೆ ಬಂದ ಬೆಳಕನ್ನ ಇನ್ನೊಮ್ಮೆ ತಿರುಗಿಸಿ ಕೊಡುತ್ತೆ. ನಮಗೆ ಬೇಕಾದ ಬೆಳಕಿನ ಆರನೇ ಒಂದು ಭಾಗ ಇದ್ರೂ ಅವಕ್ಕೆ ಸಾಕು. ಫೋಟೋದ ಹಸಿರು ಬಲ್ಬಿನ ಗುಟ್ಟು ಅದೇ. ನಾವು ಲೈಟ್ ಆರಿಸಿ ಕತ್ತಲಾಯ್ತು ಅಂದ್ಕೋತೀವಿ, ಅವಳಿಗೆ ಆಗ ಗ್ರೌಂಡ್ ಖಾಲಿಯಾಯ್ತು ಅಷ್ಟೇ.

ಆದರೆ ನೋಟ್‌ಬುಕ್ಕಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಬೆಳಗಿನ ಗಲಾಟೆಯ ಟೈಮು. ಮೊದಲ ದಿನ 3:40. ಆಮೇಲೆ 3:25. ಆಮೇಲೆ ಮೂರು ಗಂಟೆ. ಹತ್ತನೇ ದಿನ 2:10. ದಿನಾ ಸ್ವಲ್ಪ ಸ್ವಲ್ಪ ಹಿಂದೆ ಸರೀತಿದೆ. ಯಾಕೆ? ಅಪ್ಪಾಜಿ ಎದ್ದು ಕಾಫಿ ಕಾಯಿಸುವಾಗ ಒಣಮೀನಿನ ಡಬ್ಬ ತೆಗೆದು ಒಂದು ಚೂರು ಇವಳಿಗೆ ಹಾಕ್ತಿದ್ದರು. ಡಬ್ಬದ ಮುಚ್ಚಳದ ಸದ್ದು ಇವಳಿಗೆ ಬಾಯಿಪಾಠ. ಅಪ್ಪಾಜಿ ಎದ್ರೆ ಮೀನು, ಹಾಗಾದ್ರೆ ಬೇಗ ಎಬ್ಬಿಸಿದ್ರೆ ಬೇಗ ಮೀನು. ಬೇಗ ಎಬ್ಬಿಸಿದಾಗ "ಸುಮ್ನೆ ಬಿದ್ಕೊಳ್ಳಲಿ" ಅಂತ ಇನ್ನೊಂದು ಚೂರು. ಲಂಚ ತಗೊಂಡೋರು ಮರುದಿನ ರೇಟ್ ಜಾಸ್ತಿ ಮಾಡ್ತಾರೆ, ಇಷ್ಟೇ ವಿಷಯ.

ಪುಟ ತೋರಿಸಿದೆ. ಅಪ್ಪಾಜಿ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದರು. "ಅಂದ್ರೆ ತಪ್ಪು ನಂದಾ?"

ನಾನು ಸೀಲಿಂಗ್ ಫ್ಯಾನ್ ನೋಡ್ತಾ ನಿಂತೆ. ಅಮ್ಮ ಮಾತ್ರ ಅಡುಗೆಮನೆಯಿಂದಲೇ "ಮತ್ತಿನ್ಯಾರ್ದು" ಅಂದಳು.

ಈಗ ಮಾಡ್ತಿರೋದು ಹೀಗೆ. ಸಂಜೆ ಅವಳು ಬುಟ್ಟಿಯಲ್ಲಿ ಗಡದ್ದಾಗಿ ಮಲಗಿದ್ರೆ ಎಬ್ಬಿಸ್ತೀವಿ, ಅಜ್ಜಿಗೆ ಪಾಪ ಅನ್ಸುತ್ತೆ, ಆದ್ರೂ ಎಬ್ಬಿಸ್ತೀವಿ. ಎಂಟೂಕಾಲಿಗೆ ಆಟ. ಕಡ್ಡಿ ಪೊರಕೆಯ ಒಂದು ಉದ್ದ ಕಡ್ಡಿ, ತುದಿಗೆ ಹಳೇ ಪಂಚೆಯ ಅಗಲವಾದ ತುಂಡು ಬಿಗಿಯಾಗಿ ಕಟ್ಟಿದ್ದು. ಹದಿನೈದು ಇಪ್ಪತ್ತು ನಿಮಿಷ ನೆಲದ ಮೇಲೆ ಇಲಿ ಥರ ಎಳೀಬೇಕು, ಮರೆಗೆ ಹೋಗಿ ನಿಲ್ಲಿಸಬೇಕು, ಕೊನೆಗೆ ಅವಳ ಕೈಗೆ ಸಿಗೋ ಹಾಗೆ ಬಿಡಬೇಕು. ಸಿಗದೇ ಇದ್ರೆ ಬೇಟೆ ಮುಗೀಲಿಲ್ಲ ಅಂತ ಕಾಲ್ಬೆರಳಿಗೆ ಬರ್ತಾಳೆ. ಹಿಡಿದ ಮೇಲೆ ತಕ್ಷಣ ರಾತ್ರಿ ಊಟ. ಬೇಟೆ, ಊಟ, ಮೈ ನೆಕ್ಕಿಕೊಳ್ಳೋದು, ನಿದ್ದೆ. ಬೆಕ್ಕಿನ ಸರಣಿ ಇದೇ ಕ್ರಮದಲ್ಲಿ ಓಡೋದು, ನಾವು ಅದನ್ನ ಒಂಬತ್ತು ಗಂಟೆಯೊಳಗೆ ಮುಗಿಸ್ತೀವಿ. ಆಟ ಮುಗಿದ ಮೇಲೆ ಕಡ್ಡಿ ಬೀರುವಿನೊಳಗೆ.

ಹಾಗೇ ಅಜ್ಜಿ ಹೂ ಕಟ್ಟೋ ದಾರದ ಉಂಡೆನೂ. ಇದನ್ನ ಮಾತ್ರ ದಯವಿಟ್ಟು ಗಮನಿಸಿ. ದಾರದ ಜೊತೆ ಬೆಕ್ಕಿನ ಮರಿ ಆಡೋ ಚಿತ್ರ ಎಲ್ಲ ಕಡೆ ಇರುತ್ತೆ, ಆದರೆ ಬೆಕ್ಕಿನ ನಾಲಿಗೆ ಮೇಲಿನ ಮುಳ್ಳುಗಳು ಗಂಟಲ ಕಡೆಗೆ ಬಾಗಿರ್ತವೆ. ಬಾಯಿಗೆ ಹೋದ ದಾರ ಉಗಿಯೋಕೆ ಕಷ್ಟ, ಒಳಗೇ ಹೋಗುತ್ತೆ. ಕರುಳಿಗೆ ಸಿಕ್ಕಿಕೊಂಡ್ರೆ ಆಪರೇಷನ್ನೇ ಗತಿ. ಈರುಳ್ಳಿ ಬೆಳ್ಳುಳ್ಳಿನೂ ಉರುಳಿಸಿ ಆಡೋಕೆ ಕೊಡಬೇಡಿ, ಎರಡೂ ಬೆಕ್ಕಿನ ರಕ್ತಕ್ಕೆ ವಿಷ. ಇನ್ನು ಮಲಗೋಕೆ ಮುಂಚೆ ಒಂದು ಬಟ್ಟಲು ಹಾಲು ಅನ್ನೋದು ನಮ್ಮಜ್ಜಿಯ ಪದ್ಧತಿ. ಹೆಚ್ಚಿನ ಬೆಕ್ಕುಗಳಿಗೆ ದೊಡ್ಡದಾಗ್ತಾ ಹಸುವಿನ ಹಾಲು ಅರಗಲ್ಲ, ಭೇದಿ ಆಗುತ್ತೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡ್ರೆ ಓಡ್ತಿತ್ತಲ್ಲ, ಡಾಕ್ಟರ್ ಕೇಳಿದ್ರೆ ಅದೇ ಬುದ್ಧಿವಂತ ಬೆಕ್ಕು ಅಂತಾರೆ.

ಬೆಳಗಿನ ಮೀನು ಪೂರ್ತಿ ಬಂದ್. ಅವಳ ಬಟ್ಟಲು ತುಂಬೋದು ನಾನು, ಅದೂ ಅಪ್ಪಾಜಿ ಗೇಟ್ ದಾಟಿದ ಮೇಲೆ. ಮೊದಲ ಮೂರು ರಾತ್ರಿ ನರಕ. ಸಿಗ್ತಿದ್ದದ್ದು ನಿಂತ್ರೆ ಪ್ರಾಣಿ ಸುಮ್ಮನಾಗಲ್ಲ, ಮೊದಲು ಗಲಾಟೆ ಜಾಸ್ತಿ ಮಾಡುತ್ತೆ. ಒಳಕೋಣೆ ಬಾಗಿಲ ಮುಂದೆ ಕೂತು ಇವಳು ಹಾಡಿದ್ದೇ ಹಾಡಿದ್ದು. ಅಪ್ಪಾಜಿ ಕಿವಿಗೆ ಹತ್ತಿ. ನಾನು ಬಾಗಿಲಿಗೆ ಅಡ್ಡ ಮಲಗಿ, ಅವಳನ್ನ ನೋಡದೆ, ಮಾತಾಡಿಸದೆ, ಬೈಯದೆ ಇದ್ದೆ. ಬೈದ್ರೂ ಅವಳಿಗೆ ಅದು ಮಾತಾಡಿಸಿದ ಲೆಕ್ಕವೇ. ನಾಲ್ಕನೇ ರಾತ್ರಿ 3:20ರವರೆಗೆ ಸದ್ದಿಲ್ಲ. ಒಂಬತ್ತನೇ ರಾತ್ರಿ ಅಪ್ಪಾಜಿ ಅಲಾರಾಂಗೆ ಎದ್ದರು. ಎದ್ದು, ಅದು ಎಲ್ಲಿ ಹೋಯ್ತು ಅಂತ ಮನೆಯೆಲ್ಲ ಹುಡುಕಿದ್ದಾರೆ. ಅಕ್ಕಿ ಡಬ್ಬದ ಮೇಲೆ ಮಲಗಿದ್ದಳು.

ಪೂರ್ತಿ ಸರಿಯಾಗಿದೆ ಅಂತ ಹೇಳಲ್ಲ. ಮೊನ್ನೆ ಗುರುವಾರವೂ ಒಂದು ಲೋಟ ಬಿತ್ತು. ನಾಲ್ಕೂವರೆಯಿಂದ ಬೆಳಕು ಹರಿಯೋವರೆಗೆ ಓಟ ಇದ್ದೇ ಇದೆ, ಅದು ಈಗ ನನ್ನ ಪಾಲಿಗೆ. ಮಾರ್ಕೆಟ್ ವಿಷಯ ಮುಂದಕ್ಕೆ ಹೋಗಿದೆ, ರದ್ದಾಗಿದೆ ಅಂತ ಯಾರೂ ಬಾಯಿಬಿಟ್ಟು ಹೇಳಿಲ್ಲ. ಎರಡು ವಾರದ ಗಡುವು ಮುಗಿದ ಭಾನುವಾರ ಅಪ್ಪಾಜಿ ಪೇಪರ್ ಓದ್ತಾ ಕೂತಿದ್ದರು, ನಾನೂ ನೆನಪು ಮಾಡಲಿಲ್ಲ.

ಮುಂದಿನ ಭಾಗ ಅವಳ ಸ್ಪೇ ಆಪರೇಷನ್ ಬಗ್ಗೆ, ಐದು ತಿಂಗಳು ತುಂಬಿದ ಮೇಲೆ ಕರ್ಕೊಂಡು ಬಾ ಅಂದಿದ್ದಾರೆ ಡಾಕ್ಟರ್. ಅಲ್ಲಿವರೆಗೆ ಒಣಮೀನಿನ ಡಬ್ಬ ನನ್ನ ಬಟ್ಟೆ ಬೀರುವಿನಲ್ಲಿ ಬೀಗದೊಳಗಿದೆ. ನನ್ನ ಪಕ್ಕ ಕೂರೋ ಕ್ಲಾಸ್‌ಮೇಟ್ಸ್ ದಯವಿಟ್ಟು ಒಂದು ತಿಂಗಳು ಸಹಿಸ್ಕೊಳ್ಳಿ.